ಹಳೆಯ ಮಾರುತಿ 800ರಲ್ಲಿ ಕೂಲೆಂಟ್ ಸೋರಿಕೆ: ನಾನು ಹುಡುಕಿ ಸರಿಪಡಿಸಿದ ಬಗೆ

ಕಾರ್ಬ್ಯುರೇಟರ್ ಕಾಲದ ಮಾರುತಿ 800 ಎಂಜಿನ್ನಿಗೆ ಹಿಡಿಯುವ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಸುಮಾರು ಮೂರೂವರೆ ಲೀಟರ್, ಅಷ್ಟೆ. ಇಷ್ಟು ಕಡಿಮೆ ಇರುವ ಕಡೆ ಒಂದು ಲೀಟರ್ ಹೋದರೂ ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ ಬೆಂಡಾಗುವ ಹಂತ ದೂರವಿಲ್ಲ. ಬಿಸಿಯ ಮುಳ್ಳನ್ನೇ ನಂಬಿ ಕೂರುವಂತಿಲ್ಲ. ಕೂಲೆಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ಉಳಿಯುತ್ತದೆ. ಎಂಜಿನ್ ಕಾದು ಹೋಗುತ್ತಿದ್ದರೂ ಮುಳ್ಳು ಕೆಳಗೇ ನಿಂತಿರಬಹುದು.

ಈ ಕಾರಿನಲ್ಲಿ ಇದ್ದ ಲಕ್ಷಣ ಒಂದೇ. ರಿಸರ್ವ್ ಡಬ್ಬಿಯಲ್ಲಿ ಮಟ್ಟ ಫುಲ್ ಗೆರೆಯಿಂದ ಲೋ ಗೆರೆಗೆ ನಿಧಾನವಾಗಿ ಇಳಿಯುತ್ತಿತ್ತು, ನೆಲದ ಮೇಲೆ ಒಂದು ಹನಿಯೂ ಇಲ್ಲ. ನೆಲ ಒಣಗಿದೆ ಎಂದ ಮಾತ್ರಕ್ಕೆ ಸೋರಿಕೆ ಒಳಗಡೆ ಇದೆ ಎಂದು ತೀರ್ಮಾನಿಸಬಾರದು. ಓಡುವಾಗ ಬಿದ್ದ ಹನಿ ಬಿಸಿ ಲೋಹದ ಮೇಲೆ ಆವಿಯಾಗುತ್ತದೆ, ಉಳಿದದ್ದನ್ನು ಫ್ಯಾನ್ ಗಾಳಿ ಎತ್ತಿಕೊಂಡು ಹೋಗುತ್ತದೆ. ಎಸಿ ಇರುವ ಗಾಡಿಯಲ್ಲಿ ಇದರ ಉಲ್ಟಾ ಗೊಂದಲವೂ ಉಂಟು: ಕೆಳಗೆ ಬಿದ್ದ ನೀರು ಎಸಿಯದೇ ಆಗಿರಬಹುದು. ಎಸಿ ನೀರಿಗೆ ಬಣ್ಣವಿಲ್ಲ, ಬೆರಳಿಗೆ ಅಂಟುವುದಿಲ್ಲ. ಕೂಲೆಂಟ್ ಜಿಡ್ಡಾಗಿರುತ್ತದೆ, ಸಿಹಿ ವಾಸನೆ ಬರುತ್ತದೆ. ರುಚಿ ನೋಡಲು ಹೋಗಬೇಡಿ, ಎಥಿಲೀನ್ ಗ್ಲೈಕಾಲ್ ವಿಷ.

ಸೋರಿಕೆ ಹುಡುಕುವ ಕೆಲಸವನ್ನು ನಾನು ಯಾವಾಗಲೂ ತಣ್ಣಗಿನ ಎಂಜಿನ್ ಮೇಲೆ, ಬೆಳಿಗ್ಗೆಯೇ ಮಾಡುವುದು. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ರಬ್ಬರು. ಗಟ್ಟಿಯಾದ ಹೋಸ್ ಪೈಪು, ಅದರೊಳಗಿನ ಅಲ್ಯೂಮಿನಿಯಂ ಮೂತಿ, ಮೇಲಿನ ಸ್ಟೀಲ್ ಕ್ಲಿಪ್ಪು ಮೂರೂ ಬಿಸಿಗೆ ಹಿಗ್ಗುವ ಪ್ರಮಾಣ ಬೇರೆ ಬೇರೆ. ತಣ್ಣಗಿದ್ದಾಗ ಸಂದು ಬಿಟ್ಟು ಜಿನುಗುವ ಜಾಗ ಬಿಸಿಯಾದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಗ್ಯಾರೇಜಿಗೆ ಓಡಿಸಿಕೊಂಡು ಹೋಗಿ ತೋರಿಸಿದಾಗ ಏನೂ ಕಾಣದಿರುವುದಕ್ಕೆ ಬಹಳ ಸಲ ಇದೇ ಕಾರಣ.

ಮೊದಲು ಬರೀ ಟಾರ್ಚ್, ಒಂದು ಸಣ್ಣ ಕನ್ನಡಿ. ಒಣಗಿದ ಕೂಲೆಂಟ್ ಬಿಳಿ ಅಥವಾ ತಿಳಿ ಹಸಿರು ಪುಡಿಯಾಗಿ ಅಂಟಿಕೊಂಡಿರುತ್ತದೆ. ಆ ಕಲೆ ಎಲ್ಲಿ ಮುಗಿದಿದೆ ಎಂಬುದಕ್ಕಿಂತ ಎಲ್ಲಿ ಶುರುವಾಗಿದೆ ಎಂದು ನೋಡಬೇಕು. ಅದರ ತೀರಾ ಮೇಲಿನ ತುದಿಯೇ ಸೋರುವ ಜಾಗ. ರೇಡಿಯೇಟರ್ ಮೂತಿಗಳು, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಮೇಲಿನ ಅಲ್ಯೂಮಿನಿಯಂ ಮುಚ್ಚಳ, ಹೀಟರಿಗೆ ಹೋಗುವ ಎರಡು ಪೈಪು, ಬ್ಲಾಕಿನ (ಎಂಜಿನ್ನಿನ ಮುಖ್ಯ ದೇಹದ) ಪಕ್ಕದ ತೂತು ಮುಚ್ಚುವ ಲೋಹದ ಬಿಲ್ಲೆಗಳಾದ ವೆಲ್ಶ್ ಪ್ಲಗ್‌ಗಳು, ಕೊನೆಗೆ ವಾಟರ್ ಪಂಪು ಎಂಬ ಕ್ರಮದಲ್ಲಿ ನೋಡುತ್ತೇನೆ. ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಒತ್ತಿ ನೋಡುವುದನ್ನು ಮರೆಯಬಾರದು. ಒದ್ದೆಯಿದ್ದರೆ, ಗಾಜಿನ ಒಳಮೈಗೆ ಜಿಡ್ಡು ಮಂಜು ಕೂರುತ್ತಿದ್ದರೆ ಹೀಟರ್ ಕೋರ್ (ಕಾರಿನ ಒಳಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್) ತೂತಾಗಿದೆ. ಹೊಸದು ಸಿಗುವವರೆಗೆ ಹೀಟರಿನ ಎರಡು ಪೈಪುಗಳನ್ನು ಎಂಜಿನ್ ಕಡೆಯಲ್ಲೇ ಒಂದಕ್ಕೊಂದು ಜೋಡಿಸಿ ಓಡಿಸಬಹುದು.

ಕ್ಯಾಪನ್ನು ಯಾರೂ ಅನುಮಾನಿಸುವುದಿಲ್ಲ, ಆದರೆ ಇಡೀ ವ್ಯವಸ್ಥೆಯ ಅಗ್ಗದ ಭಾಗಗಳಲ್ಲಿ ಅದೂ ಒಂದು. ಅದರಲ್ಲಿ ಎರಡು ವಾಲ್ವ್ ಇವೆ. ದೊಡ್ಡದು ಒತ್ತಡ ಹಿಡಿದಿಡುತ್ತದೆ. ಸಣ್ಣದು ಎಂಜಿನ್ ತಣ್ಣಗಾದಾಗ ಡಬ್ಬಿಯಿಂದ ಕೂಲೆಂಟನ್ನು ವಾಪಸ್ ಎಳೆದುಕೊಳ್ಳಲು ಬಿಡುತ್ತದೆ. ಸಣ್ಣದು ಕಚ್ಚಿಕೊಂಡರೆ ತಣ್ಣಗಾದಾಗ ಮೇಲಿನ ಹೋಸ್ ಚಪ್ಪಟೆಯಾಗುತ್ತದೆ. ದೊಡ್ಡದರ ರಬ್ಬರು ಸತ್ತರೆ ಒತ್ತಡವೇ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ. ಬೆಂಗಳೂರಿನಂಥ 900 ಮೀಟರ್ ಎತ್ತರದ ಊರಲ್ಲಿ ತೆರೆದ ನೀರು 97 ಡಿಗ್ರಿಗೇ ಕುದಿಯುತ್ತದೆ ಎಂಬುದು ನೆನಪಿರಲಿ. ಕ್ಯಾಪಿನ ಮೇಲೆ ಒತ್ತಡದ ಅಂಕಿ 0.9 (ಕೆ.ಜಿ./ಚ.ಸೆಂ.ಮೀ.) ಎಂದಿದ್ದರೆ ಅದೇ ನಂಬರಿನದು ಹಾಕಬೇಕು. ಅಂಗಡಿಯವನು 1.1 ಕೊಟ್ಟು ‘ಇನ್ನೂ ಸ್ಟ್ರಾಂಗು ಸಾರ್’ ಎನ್ನಬಹುದು. ಹಳೆಯ ರೇಡಿಯೇಟರಿನ ಬೆಸುಗೆಗೆ ಆ ಹೆಚ್ಚಿನ ಒತ್ತಡವೇ ಮಾರಕ.

ಕಣ್ಣಿಗೆ ಏನೂ ಬೀಳದಿದ್ದರೆ ಪ್ರೆಷರ್ ಟೆಸ್ಟರ್. ರೇಡಿಯೇಟರನ್ನು ಮೂತಿಯವರೆಗೆ ತುಂಬಿ, ಕ್ಯಾಪಿನ ಜಾಗಕ್ಕೆ ಟೆಸ್ಟರ್ ಕೂರಿಸಿ, ಕೈಪಂಪಿನಿಂದ 0.9ರವರೆಗೆ ಒತ್ತಿ ಹದಿನೈದು ನಿಮಿಷ ಬಿಡುವುದು. ಅದಕ್ಕಿಂತ ಮೇಲೆ ಹೋಗಬಾರದು. ಇಲ್ಲಿ ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಹೋಸ್‌ಗಳೆಲ್ಲ ಒಣಗಿಯೇ ಇದ್ದವು. ಕನ್ನಡಿಯನ್ನು ಪಂಪಿನ ಪುಲ್ಲಿಯ ಹಿಂದೆ ಹಿಡಿದಾಗ ಕಂಡದ್ದು ಇದು: ಪಂಪಿನ ಕತ್ತಿನ ಕೆಳಗೆ ಅಕ್ಕಿ ಕಾಳಿನಷ್ಟು ಸಣ್ಣ ತೂತು, ಅದರ ಅಂಚಿನಲ್ಲಿ ಹಸಿರು ಹನಿಯೊಂದು ನಿಧಾನಕ್ಕೆ ದಪ್ಪಗಾಗಿ, ಕೆಳಗಿನ ಲೋಹಕ್ಕೆ ಜಾರಿ, ಹಳೆಯ ಬಿಳಿ ಕಲೆಯ ಗುಂಟ ಇಳಿಯಿತು. ಹಿಂದೆಯೇ ಮತ್ತೊಂದು.

ಆ ತೂತು ತಯಾರಿಕೆಯಲ್ಲೇ ಇಟ್ಟದ್ದು. ಪಂಪಿನ ಸೀಲಿಗೂ ಬೇರಿಂಗಿಗೂ ನಡುವೆ ಬರುತ್ತದೆ. ಸೀಲ್ ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ ಎಂದು. ಒಣ ಕಲೆ ಮಾತ್ರ ಇದ್ದರೆ ಪರವಾಗಿಲ್ಲ, ಒತ್ತಡದಲ್ಲಿ ಹನಿ ಕಟ್ಟಿದರೆ ಪಂಪಿನ ಕಥೆ ಮುಗಿದಂತೆ. ಎಂ-ಸೀಲ್ ಮೆತ್ತಿ ಆ ತೂತು ಮುಚ್ಚುವವರಿದ್ದಾರೆ. ಆಗ ನೀರು ಬೇರಿಂಗಿನ ಗ್ರೀಸ್ ತೊಳೆದು, ಕೊನೆಗೊಂದು ದಿನ ಪಂಪು ಹೆದ್ದಾರಿಯ ಮಧ್ಯೆ ಕಚ್ಚಿಕೊಳ್ಳುತ್ತದೆ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದೂ ಇದೇ ಜಾತಿಯ ಉಪಾಯ. ಸಣ್ಣ ಬಿರುಕು ತಾತ್ಕಾಲಿಕವಾಗಿ ಮುಚ್ಚುವುದು ನಿಜ, ಆದರೆ ಹೀಟರ್ ಕೋರಿನ ಸಣ್ಣ ನಾಳಗಳೂ ಮುಚ್ಚುತ್ತವೆ. ಮನೆ ತಲುಪಲು ಸರಿ, ರಿಪೇರಿ ಅಲ್ಲ.

ಈ ಎಂಜಿನ್ನಿನಲ್ಲಿ ಪಂಪು ತಿರುಗುವುದು ಫ್ಯಾನ್ ಬೆಲ್ಟಿನಿಂದಾದರೂ ಅದನ್ನು ಬಿಚ್ಚಲು ಟೈಮಿಂಗ್ ಕವರ್, ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವ್‌ಗಳನ್ನು ಕ್ರ್ಯಾಂಕ್ ಜೊತೆ ತಾಳಕ್ಕೆ ಓಡಿಸುವ ಬೆಲ್ಟ್) ತೆಗೆಯಬೇಕು. ಅಷ್ಟು ಬಿಚ್ಚಿದ ಮೇಲೆ ಹಳೆಯ ಬೆಲ್ಟನ್ನೇ ವಾಪಸ್ ಹಾಕುವುದು ದಂಡ. ಟೈಮಿಂಗ್ ಬೆಲ್ಟ್, ಟೆನ್ಷನರ್, ಫ್ಯಾನ್ ಬೆಲ್ಟ್, ಮೇಲಿನ ಮತ್ತು ಕೆಳಗಿನ ಹೋಸ್, ಕ್ಲಿಪ್‌ಗಳು, ಥರ್ಮೋಸ್ಟಾಟ್ ಪ್ಯಾಕಿಂಗ್, ಕ್ಯಾಪ್ ಎಲ್ಲ ಒಟ್ಟಿಗೇ ತರಿಸಿದೆ.

ಬ್ಯಾಟರಿ ನೆಗೆಟಿವ್ ಬಿಚ್ಚಿ, ಕೆಳಗೆ ಟಬ್ ಇಟ್ಟು ಕೂಲೆಂಟ್ ಇಳಿಸಿದೆ. ಹಳೆಯ ರೇಡಿಯೇಟರಿನ ಡ್ರೈನ್ ಪ್ಲಗ್ ಬಲವಂತ ಮಾಡಿದರೆ ಮುರಿಯುತ್ತದೆ. ಬಿಗಿಯಿದ್ದರೆ ಕೆಳಗಿನ ಹೋಸನ್ನೇ ಕಿತ್ತರಾಯಿತು. ಟಬ್ಬನ್ನು ತಕ್ಷಣ ಮುಚ್ಚಿಡಬೇಕು, ಸಿಹಿಯಿರುವುದರಿಂದ ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ. ಬೆಲ್ಟ್ ತೆಗೆಯುವ ಮುಂಚೆ ಕ್ರ್ಯಾಂಕ್ ತಿರುಗಿಸಿ ಕ್ರ್ಯಾಂಕ್, ಕ್ಯಾಮ್ ಎರಡೂ ಪುಲ್ಲಿಗಳ ಟೈಮಿಂಗ್ ಗುರುತು ಕೂಡಿಸಿ, ಮೇಲೆ ವೈಟ್ನರಿನಿಂದ ಚುಕ್ಕೆ ಹಾಕಿಕೊಂಡೆ. ಹೊಸ ಬೆಲ್ಟ್ ಹಾಕಿದ ಮೇಲೆ ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತದೆಯೇ ಎಂದು ನೋಡಬೇಕು. ಒಂದು ಹಲ್ಲು ತಪ್ಪಿದರೂ ಗಾಡಿಯಲ್ಲಿ ಎಳೆತ ಇರುವುದಿಲ್ಲ.

ಪಂಪು ಹೊರಬಂದ ಮೇಲೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದು ಕ್ಲೀನಿಂಗ್. ಬ್ಲಾಕಿನ ಮುಖದಲ್ಲಿ ಅಂಟಿದ ಹಳೆಯ ಪ್ಯಾಕಿಂಗನ್ನು ಸ್ಕ್ರೂಡ್ರೈವರಿನಿಂದ ಕೆರೆಯಬಾರದು, ಗೀರು ಬಿದ್ದರೆ ಹೊಸ ಪ್ಯಾಕಿಂಗೂ ಸೋರುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್, ಥಿನ್ನರ್ ಬಟ್ಟೆ ಸಾಕು. ಹೊಸ ಪ್ಯಾಕಿಂಗಿನ ಎರಡೂ ಬದಿಗೆ ಸೀಲೆಂಟ್ ತೆಳುವಾಗಿ, ಉಗುರಿನಿಂದ ಸವರಿದಷ್ಟು. ಹೆಚ್ಚಾದದ್ದು ಒಳಗೆ ಹಿಂಡಿ ಬಂದು, ಕಿತ್ತುಹೋಗಿ, ರೇಡಿಯೇಟರ್ ನಾಳದಲ್ಲಿ ಕೂರುತ್ತದೆ. ಪಂಪಿನ 6 ಮಿ.ಮೀ. ಬೋಲ್ಟ್‌ಗಳಿಗೆ 10 ನ್ಯೂಟನ್ ಮೀಟರ್ ಬಿಗಿತ ಸಾಕು, ಎದುರು ಬದುರು ಬೋಲ್ಟ್ ಹಿಡಿದು ಎರಡು ಸುತ್ತಿನಲ್ಲಿ. ಚೂಡಿ (ಬೋಲ್ಟ್ ಕೂರುವ ತಿರುಪಿನ ಗೆರೆ) ಸ್ಲಿಪ್ಪಾದರೆ ಅರ್ಧ ದಿನದ ಕೆಲಸ ಮೂರು ದಿನವಾಗುತ್ತದೆ. ಹೋಸ್ ಕೂರುವ ಮೂತಿಗಳನ್ನು 220 ನಂಬರ್ ಎಮರಿ ಪೇಪರಿನಿಂದ ಉಜ್ಜಿದೆ. ತುಕ್ಕಿನ ಗುಳಿ ಉಗುರಿಗೆ ಸಿಕ್ಕುವಷ್ಟು ಆಳವಿದ್ದರೆ ಆ ಭಾಗವನ್ನೇ ಬದಲಿಸಬೇಕು.

ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಥರ್ಮಾಮೀಟರ್ ಹಿಡಿದು ಕಾಯಿಸಿದೆ. 82 ಡಿಗ್ರಿಗೆ ಬಾಯಿ ಬಿಡಲು ಶುರುವಾಗಿ 95ಕ್ಕೆ ಪೂರ್ತಿ ತೆರೆದರೆ ಅದು ಸರಿಯಿದೆ. ‘ನಮ್ಮ ಹವೆಗೆ ಬೇಡ’ ಎಂದು ಅದನ್ನು ಕಿತ್ತು ಬಿಸಾಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಎಂಜಿನ್ ಬಿಸಿಯೇರಲು ತಡವಾಗುತ್ತದೆ, ಮೈಲೇಜ್ ಬೀಳುತ್ತದೆ.

ಫ್ಯಾನ್ ಬೆಲ್ಟಿನ ಮಧ್ಯೆ ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ 6ರಿಂದ 9 ಮಿ.ಮೀ. ಇಳಿಯಬೇಕು. ಕಿರುಗುಟ್ಟುತ್ತದೆ ಎಂದು ಇದಕ್ಕಿಂತ ಬಿಗಿ ಮಾಡಿದರೆ ಹೊಸ ಪಂಪಿನ ಬೇರಿಂಗ್ ಬೇಗ ಹೋಗುತ್ತದೆ.

ತುಂಬಿಸುವಾಗ ಬೋರ್‌ವೆಲ್ ನೀರು ಬೇಡ. ಅದರ ಸುಣ್ಣ ಬಿಸಿ ಮೇಲ್ಮೈ ಮೇಲೆ ಪದರ ಕಟ್ಟುತ್ತದೆ. ಕೊನೆಯ ಫ್ಲಶಿಂಗ್ ಕೂಡ ಡಿಸ್ಟಿಲ್ಡ್ ವಾಟರಿನಿಂದಲೇ. ಮಂಜುಗಟ್ಟದ ನಮ್ಮ ಊರುಗಳಿಗೆ ಶೇ. 30 ಕೂಲೆಂಟ್ ಸಾಕು: ಒಂದು ಲೀಟರ್ ಕಾನ್ಸಂಟ್ರೇಟಿಗೆ ಸುಮಾರು ಎರಡೂವರೆ ಲೀಟರ್ ನೀರು. ಆದರೆ ಫ್ಲಶ್ ಮಾಡಿದ ನೀರು ಬ್ಲಾಕಿನಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಮೊದಲೇ ಬೆರೆಸಿ ಸುರಿದರೆ ತೀರಾ ತೆಳುವಾಗುತ್ತದೆ. ಅದಕ್ಕೆ ನಾನು ಕಾನ್ಸಂಟ್ರೇಟನ್ನು ಪೂರ್ತಿ ಮೊದಲು ಹಾಕಿ, ಉಳಿದ ಜಾಗಕ್ಕೆ ನೀರು ಹಾಕುತ್ತೇನೆ. ಮುಂದಿನ ಚಕ್ರ ಎತ್ತರಿಸಿ, ಹೀಟರ್ ಲಿವರ್ ಬಿಸಿ ಕಡೆಗಿಟ್ಟು, ಕ್ಯಾಪ್ ಇಲ್ಲದೆ ಐಡಲಿಂಗ್‌ನಲ್ಲಿ ಬಿಡುವುದು. ಥರ್ಮೋಸ್ಟಾಟ್ ತೆರೆದಾಗ ರೇಡಿಯೇಟರ್ ಕಡೆಗೆ ಮೇಲಿನ ಹೋಸ್ ಒಮ್ಮೆಲೇ ಬಿಸಿಯಾಗುತ್ತದೆ, ಮಟ್ಟ ಕುಸಿಯುತ್ತದೆ. ಹೋಸನ್ನು ಬಟ್ಟೆ ಹಿಡಿದು ಹಿಸುಕುತ್ತ ಗುಳ್ಳೆ ನಿಲ್ಲುವವರೆಗೆ ತುಂಬಿ ಕ್ಯಾಪ್ ಹಾಕಬೇಕು.

ಗುಳ್ಳೆ ನಿಲ್ಲದೇ ಬರುತ್ತಿದ್ದರೆ, ತಣ್ಣಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತಾದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಪ್ಯಾಕಿಂಗ್) ಮೇಲೆ ಅನುಮಾನ ಪಡಬೇಕು. ಆಯಿಲ್ ಮುಚ್ಚಳದ ಕೆಳಗಿನ ಹಾಲಿನಂಥ ಕೆನೆಯೊಂದನ್ನೇ ನೋಡಿ ಹೆಡ್ ಇಳಿಸಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟ ಮಾಡುವ ಗಾಡಿಗಳಲ್ಲಿ ತೇವ ಕೂತು ಇದೇ ಕೆನೆ ಬರುತ್ತದೆ. ಡಿಪ್ ಸ್ಟಿಕ್ಕಿನ (ಆಯಿಲ್ ಮಟ್ಟ ನೋಡುವ ಕಡ್ಡಿಯ) ಆಯಿಲ್ಲೂ ಹಾಗೇ ಇದ್ದರೆ ಮಾತ್ರ ಗಂಭೀರ.

ಮರುದಿನ ತಣ್ಣಗಿದ್ದಾಗ ಡಬ್ಬಿಯ ಮಟ್ಟ ಸ್ವಲ್ಪ ಇಳಿದಿರುತ್ತದೆ, ಉಳಿದ ಗಾಳಿ ಹೊರಬಂದದ್ದಕ್ಕೆ. ಫುಲ್ ಗೆರೆಗೆ ತುಂಬಿ, ಹೊಸ ರಬ್ಬರು ಕೂತಿರುವುದರಿಂದ ಕ್ಲಿಪ್‌ಗಳನ್ನು ಕಾಲು ಸುತ್ತು ಬಿಗಿ ಮಾಡಿ, ಟೆಸ್ಟರನ್ನು ಮತ್ತೆ 0.9ಕ್ಕೆ ಏರಿಸಿ ಹದಿನೈದು ನಿಮಿಷ ಬಿಟ್ಟೆ. ಮುಳ್ಳು ಕದಲಲಿಲ್ಲ. ಕೂಲೆಂಟ್ ಹಾಕಿದ ತಾರೀಖನ್ನು ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆದಿದ್ದೇನೆ. ಎರಡು ವರ್ಷಕ್ಕೆ ಪೂರ್ತಿ ಇಳಿಸಿ ಹೊಸದು ಹಾಕಬೇಕು.