ಸಬ್‌ವೂಫರ್ ಕೊಳ್ಳುವ ಮುನ್ನ ಕೋಣೆಯನ್ನು ಅಳೆಯಿರಿ

ಸಬ್‌ವೂಫರ್, ಅಂದರೆ ಮಂದ್ರ ಧ್ವನಿಯನ್ನು (ಬಾಸ್) ಮಾತ್ರ ನುಡಿಸುವ ಸ್ಪೀಕರ್ ಪೆಟ್ಟಿಗೆ, ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಎರಡು ಅಂಕಿಗಳು: ಕಂಪಿಸಿ ಧ್ವನಿ ಹೊಮ್ಮಿಸುವ ಕೋನ್ ಎಷ್ಟು ಇಂಚಿನದು, ಒಳಗಿನ ಆಂಪ್ಲಿಫೈಯರ್ ಎಷ್ಟು ವ್ಯಾಟ್‌ನದು. ಎರಡೂ ಸುಳ್ಳಲ್ಲ. ಆದರೆ ಅವುಗಳನ್ನಷ್ಟೇ ನೆಚ್ಚಿ ಆರಿಸಿದ ಪೆಟ್ಟಿಗೆ ಅಂಗಡಿಯಲ್ಲಿ ಅಬ್ಬರಿಸಿ, ಮನೆಗೆ ಬಂದ ಮೇಲೆ ಕೋಣೆಯ ಒಂದು ಮೂಲೆಯಲ್ಲಿ ಕಿವಿಗಡಚಿಕ್ಕುವಂತೆ ಗುಡುಗಿ, ಸೋಫಾದ ಮೇಲೆ ಕೂತವರಿಗೆ ಇದ್ದೂ ಇಲ್ಲದಂತಾಗುವುದು ಅಪರೂಪವೇನಲ್ಲ. ಮಂದ್ರ ಧ್ವನಿಯ ವಿಷಯದಲ್ಲಿ ಪೆಟ್ಟಿಗೆಯಷ್ಟೇ ಕೋಣೆಯೂ ಮಾತಾಡುತ್ತದೆ. ಹಾಗಾಗಿ ಆಯ್ಕೆಯ ಕೆಲಸ ಅಳತೆಯ ಟೇಪಿನಿಂದ ಶುರುವಾಗಬೇಕು.

ಇಲ್ಲಿ ಹೇಳುತ್ತಿರುವುದು ತನ್ನದೇ ಆಂಪ್ಲಿಫೈಯರ್ ಉಳ್ಳ, ಅಂದರೆ ಪವರ್ಡ್ ಸಬ್‌ವೂಫರ್‌ಗಳ ಬಗ್ಗೆ. ಮನೆಬಳಕೆಗೆ ಇದೇ ಅನುಕೂಲ. ಹೆಚ್ಚು ವಿದ್ಯುತ್ ಬೇಡುವ ಬಾಸ್‌ನ ಹೊಣೆ ಉಳಿದ ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ನ ಹೆಗಲಿನಿಂದ ಇಳಿಯುತ್ತದೆ. ಕೋನ್‌ನ ಚಲನೆ ಮಿತಿಮೀರದಂತೆ ತಡೆಯುವ ವಿದ್ಯುತ್ ಮಂಡಲವನ್ನೂ ತಯಾರಕರೇ ಆ ಪೆಟ್ಟಿಗೆಗೆ ತಕ್ಕಂತೆ ಹೊಂದಿಸಿರುತ್ತಾರೆ.

ಮೊದಲ ಕೆಲಸ: ಕೋಣೆಯ ಲೆಕ್ಕ

ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಮೀಟರ್‌ಗಳಲ್ಲಿ ಬರೆದುಕೊಳ್ಳಿ. ಬಾಗಿಲಿಲ್ಲದ ಕಮಾನಿನ ಮೂಲಕ ಪಕ್ಕದ ಊಟದ ಕೋಣೆಗೆ ಜಾಗ ತೆರೆದುಕೊಂಡಿದ್ದರೆ ಆ ಭಾಗವನ್ನೂ ಸೇರಿಸಿಯೇ ಘನ ಅಳತೆ ತೆಗೆಯಬೇಕು, ಏಕೆಂದರೆ ಬಾಸ್ ಅಲ್ಲಿಗೂ ಹರಿದುಹೋಗುತ್ತದೆ. ಈ ಘನ ಅಳತೆ ಹೆಚ್ಚಿದಷ್ಟೂ ಪೆಟ್ಟಿಗೆ ಹೆಚ್ಚು ಗಾಳಿಯನ್ನು ತಳ್ಳಬೇಕಾಗುತ್ತದೆ.

ಅದೇ ಅಳತೆಗಳಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಎದುರುಬದುರಿನ ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ, ಆ ಗೋಡೆಗಳ ನಡುವೆ ಧ್ವನಿ ನಿಂತ ಅಲೆಯಾಗುವ ಮೊದಲ ಆವರ್ತನ ಸಿಗುತ್ತದೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ ಅವು ಸುಮಾರು 34, 43 ಮತ್ತು 57 ಹರ್ಟ್ಜ್, ಅಂದರೆ ಮೂರೂ ಸಬ್‌ವೂಫರ್‌ನ ಕಾರ್ಯಕ್ಷೇತ್ರದೊಳಗೇ ಬರುತ್ತವೆ. ಆ ಆವರ್ತನಗಳಲ್ಲಿ ಗೋಡೆಯ ಬಳಿ ಧ್ವನಿ ಉಬ್ಬುತ್ತದೆ, ನಡುವೆ ಕುಗ್ಗುತ್ತದೆ. ಆ ಕೋಣೆಯ ಉದ್ದದ ಸರಿಯಾಗಿ ಮಧ್ಯದಲ್ಲಿ ಕುರ್ಚಿ ಹಾಕಿಕೊಂಡವರಿಗೆ 34 ಹರ್ಟ್ಜ್ ಎಷ್ಟೇ ದುಬಾರಿ ಪೆಟ್ಟಿಗೆಯಿಂದ ಹೊರಟರೂ ಕ್ಷೀಣವಾಗಿಯೇ ಕೇಳಿಸೀತು. ಕುರ್ಚಿಯನ್ನು ಅರ್ಧ ಮೀಟರ್ ಹಿಂದಕ್ಕೆ ಸರಿಸುವುದೇ ಕೆಲವೊಮ್ಮೆ ಹೊಸ ಸಬ್‌ವೂಫರ್‌ಗಿಂತ ಹೆಚ್ಚಿನ ಬದಲಾವಣೆ ತರುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ನಿಮಗೆ ಎಷ್ಟು ಆಳ ಬೇಕು?

ಮಾಮೂಲಿ ಬಾಸ್ ಗಿಟಾರ್‌ನ ಅತಿ ಕೆಳಗಿನ ತಂತಿ 41 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ, ಪಿಯಾನೊದ ಕೊನೆಯ ಮನೆ 27.5 ಹರ್ಟ್ಜ್‌ನಲ್ಲಿ. ಅದಕ್ಕೂ ಕೆಳಗೆ ಇಳಿಯುವವು ದೊಡ್ಡ ಪೈಪ್ ಆರ್ಗನ್‌ಗಳು, ಕೆಲವು ಎಲೆಕ್ಟ್ರಾನಿಕ್ ಸಂಗೀತ ಮತ್ತು ಚಲನಚಿತ್ರಗಳ ಸ್ಫೋಟ, ಗುಡುಗುಗಳು. ಹಾಡು ಕೇಳುವುದೇ ಮುಖ್ಯವಾದವರಿಗೆ 30 ಹರ್ಟ್ಜ್‌ವರೆಗೆ ಶುದ್ಧವಾಗಿ ಇಳಿಯುವ ಪೆಟ್ಟಿಗೆ ಸಾಕು. 20 ಹರ್ಟ್ಜ್ ಬೇಕೆನ್ನುವವರು ಗಾತ್ರ, ತೂಕ, ಹಣ ಮೂರನ್ನೂ ತೆರಬೇಕು. ಕಿವಿಯೂ ಅಲ್ಲಿ ಮಂದ: ಐಎಸ್‌ಒ 226 ಮಾನಕದ ಪ್ರಕಾರ 20 ಹರ್ಟ್ಜ್ ಸ್ವರ ಕೇವಲ ಕೇಳಿಸಲೆಂದೇ ಸುಮಾರು 78 ಡೆಸಿಬೆಲ್ ಒತ್ತಡ ಬೇಕು, 1000 ಹರ್ಟ್ಜ್‌ಗಾದರೆ ಎರಡು ಮೂರು ಡೆಸಿಬೆಲ್ ಸಾಕು.

ಮೇಲಿನ ಅಂಚನ್ನು ನಿರ್ಧರಿಸುವುದು ನಿಮ್ಮ ಮುಖ್ಯ ಸ್ಪೀಕರ್‌ಗಳು. ಅವು 60 ಹರ್ಟ್ಜ್‌ವರೆಗೆ ಸಲೀಸಾಗಿ ಇಳಿಯುವಂತಿದ್ದರೆ 80 ಹರ್ಟ್ಜ್‌ನಲ್ಲಿ ಕ್ರಾಸ್‌ಓವರ್, ಅಂದರೆ ಸ್ಪೀಕರ್‌ಗಳಿಂದ ಸಬ್‌ವೂಫರ್‌ಗೆ ಧ್ವನಿ ಹಸ್ತಾಂತರವಾಗುವ ಗಡಿ, ಇಡಬಹುದು. ಮನೆಯ ಚಿತ್ರಮಂದಿರಗಳಿಗೆ ಧ್ವನಿ ಗುಣಮಟ್ಟದ ಮಾನಕಗಳನ್ನು ರೂಪಿಸುವ ಟಿಎಚ್‌ಎಕ್ಸ್ ಸಂಸ್ಥೆ ಗೊತ್ತುಮಾಡಿದ ಅಂಕಿಯೂ ಅದೇ. ಸ್ಪೀಕರ್‌ಗಳು ಅಂಗೈಯಗಲದವಾಗಿದ್ದು 120 ಅಥವಾ 150 ಹರ್ಟ್ಜ್‌ಗೆ ಏರಿಸಬೇಕಾಗಿ ಬಂದರೆ, ಧ್ವನಿ ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ಕಿವಿ ಪತ್ತೆಹಚ್ಚತೊಡಗುತ್ತದೆ. ಆಗ ಸಬ್‌ವೂಫರನ್ನು ಹಿಂಬದಿಯಲ್ಲಿ ಅಡಗಿಸಿಡುವಂತಿಲ್ಲ, ಮುಂದಿನ ಸ್ಪೀಕರ್‌ಗಳ ಆಸುಪಾಸಿನಲ್ಲೇ ಇಡಬೇಕು.

ಮುಚ್ಚಿದ ಪೆಟ್ಟಿಗೆಯೋ, ತೂತಿನ ಪೆಟ್ಟಿಗೆಯೋ

ಸ್ಪೀಕರ್ ತಯಾರಿಸುವ ಕೆಎಲ್‌ಎಚ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಜೋಸೆಫ್ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಚಿಕ್ಕ ಪೆಟ್ಟಿಗೆ, ಆಳವಾದ ಬಾಸ್, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಸದ್ದು: ಈ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನ್ನೂ ಅಲ್ಲ. ಮಾರುಕಟ್ಟೆಯಲ್ಲಿರುವ ಎಲ್ಲ ವಿನ್ಯಾಸಗಳೂ ಈ ಮೂರರ ನಡುವಿನ ಚೌಕಾಸಿಗಳೇ.

ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಸ್ಪೀಕರ್ ಮೂಲಕ ಜನಪ್ರಿಯಗೊಳಿಸಿದ ಮುಚ್ಚಿದ ಪೆಟ್ಟಿಗೆಯಲ್ಲಿ ಕೆಳಗಿನ ಆವರ್ತನಗಳು ಪ್ರತಿ ಸಪ್ತಕಕ್ಕೆ 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿಯುತ್ತವೆ. ಸಣ್ಣ, ಬಿಗಿಯಾಗಿ ಮುಚ್ಚಿದ ಕೋಣೆ ತೀರ ಕೆಳಗಿನ ಆವರ್ತನಗಳನ್ನು ತಾನೇ ಎತ್ತಿಕೊಡುವುದರಿಂದ ಅಲ್ಲಿ ಈ ಇಳಿಜಾರು ಬಹುಮಟ್ಟಿಗೆ ಸರಿಹೋಗುತ್ತದೆ. ಪೋರ್ಟ್, ಅಂದರೆ ಹೊರಕ್ಕೆ ತೆರೆದ ಕೊಳವೆಯ ತೂತು, ಇರುವ ಪೆಟ್ಟಿಗೆಯಲ್ಲಿ ಕೊಳವೆಯೊಳಗಿನ ಗಾಳಿಯೂ ಕೋನ್‌ನ ಜೊತೆ ದುಡಿಯುವುದರಿಂದ, ಅದನ್ನು ಶ್ರುತಿ ಮಾಡಿದ ಆವರ್ತನದ ಸುತ್ತ ಅದೇ ವಿದ್ಯುತ್ತಿಗೆ ಹೆಚ್ಚು ಸದ್ದು ಸಿಗುತ್ತದೆ; ಆ ಆವರ್ತನದಿಂದ ಕೆಳಗೆ ಮಾತ್ರ ಸಪ್ತಕಕ್ಕೆ 24 ಡೆಸಿಬೆಲ್‌ನಂತೆ ಕಡಿದಾಗಿ ಕುಸಿಯುತ್ತದೆ. ಪೋರ್ಟ್ ಕಿರಿದಾಗಿದ್ದರೆ ಜೋರಾಗಿ ಕೇಳುವಾಗ ಗಾಳಿ ಬುಸುಗುಡುವುದೂ ಉಂಟು. ಕೊಳವೆಯ ಬದಲು ಪ್ಯಾಸಿವ್ ರೇಡಿಯೇಟರ್ (ತಂತಿ ಜೋಡಣೆಯಿಲ್ಲದೆ ಒಳಗಿನ ಗಾಳಿಯ ಒತ್ತಡದಿಂದಲೇ ಕಂಪಿಸುವ ಕೋನ್) ಬಳಸುವ ಮಾದರಿಗಳು ಈ ಬುಸುಗುಡುವಿಕೆಯಿಂದ ಪಾರಾಗುತ್ತವೆ.

ಮುಚ್ಚಿದ ಪೆಟ್ಟಿಗೆ ಸಂಗೀತಕ್ಕೆ, ತೂತಿನ ಪೆಟ್ಟಿಗೆ ಸಿನಿಮಾಕ್ಕೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಈ ಲೇಖಕನಿಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಬಾಸ್ ಮುದ್ದೆಯಾಯಿತು, ನಿಧಾನವಾಯಿತು ಎಂದು ದೂರುವವರ ಮನೆಯಲ್ಲಿ ಬಹುಪಾಲು ತಪ್ಪು ಕೋಣೆಯ ಅನುರಣನದ್ದೋ, ಸಬ್‌ವೂಫರಿನ ವಾಲ್ಯೂಮ್ ಅತಿಯಾಗಿ ಏರಿಸಿದ್ದರದ್ದೋ ಆಗಿರುತ್ತದೆ. ದೊಡ್ಡ ಪೆಟ್ಟಿಗೆಗೆ ಜಾಗವಿದ್ದು ಕೋಣೆಯೂ ವಿಶಾಲವಾಗಿದ್ದರೆ ಪೋರ್ಟ್ ಇರುವುದನ್ನೇ ಆರಿಸುವುದು ಲಾಭ. ಜಾಗ ಇಕ್ಕಟ್ಟಾಗಿದ್ದರೆ ಮುಚ್ಚಿದ್ದು.

ಅಂಕಿಗಳನ್ನು ಓದುವ ಬಗೆ

ವಿವರಪಟ್ಟಿಯಲ್ಲಿ ‘ಆವರ್ತನ ವ್ಯಾಪ್ತಿ 20ರಿಂದ 150 ಹರ್ಟ್ಜ್’ ಎಂದಷ್ಟೇ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಮುಂದೆ ‘±3 ಡೆಸಿಬೆಲ್’ ಎಂದಿದೆಯೇ ನೋಡಿ. ಆ ಮಿತಿಯಿಲ್ಲದೆ ಹೇಳಿದ 20 ಹರ್ಟ್ಜ್, ಉಳಿದ ಧ್ವನಿಗಿಂತ 10 ಡೆಸಿಬೆಲ್ ಕೆಳಗೆ ಬಿದ್ದಿದ್ದರೂ ಪಟ್ಟಿಯಲ್ಲಿ ರಾಜಾರೋಷವಾಗಿ ಕೂತಿರಬಹುದು. ±3 ಎಂದು ಬರೆದಿದ್ದರೂ ಅದು ಎಷ್ಟು ಜೋರಿನಲ್ಲಿ ಅಳೆದದ್ದು ಎಂಬ ಪ್ರಶ್ನೆ ಉಳಿಯುತ್ತದೆ: ಪಿಸುಮಾತಿನಂಥ ಸದ್ದಿನಲ್ಲಿ 22 ಹರ್ಟ್ಜ್ ಮುಟ್ಟುವ ಚಿಕ್ಕ ಪೆಟ್ಟಿಗೆ, ವಾಲ್ಯೂಮ್ ಏರಿಸಿದೊಡನೆ ತನ್ನನ್ನು ತಾನು ಕಾಪಾಡಿಕೊಳ್ಳಲು ಬಾಸ್ ಕತ್ತರಿಸಿಬಿಡುತ್ತದೆ.

ವ್ಯಾಟ್‌ನಲ್ಲಿ ಕ್ಷಣಮಾತ್ರದ ‘ಪೀಕ್’ ಅಂಕಿಯನ್ನು ಬದಿಗಿಟ್ಟು, ಸತತವಾಗಿ ಕೊಡಬಲ್ಲದ್ದನ್ನು ಹೇಳುವ ಆರ್‌ಎಂಎಸ್ ಅಂಕಿಯನ್ನು ಹೋಲಿಸಿ. ಹೋಲಿಸುವಾಗಲೂ 300 ವ್ಯಾಟ್ 600 ಆದರೆ ಹೆಚ್ಚುವುದು ಬರೀ 3 ಡೆಸಿಬೆಲ್ ಎಂಬುದು ನೆನಪಿರಲಿ. ಕೋನ್‌ನ ಇಂಚು ಇದಕ್ಕಿಂತ ಹೆಚ್ಚು ಹೇಳುತ್ತದೆ, ಏಕೆಂದರೆ 12 ಇಂಚಿನ ಕೋನ್‌ನ ವಿಸ್ತೀರ್ಣ 10 ಇಂಚಿನದಕ್ಕಿಂತ ಶೇ 44ರಷ್ಟು ಹೆಚ್ಚು. ಆದರೆ ತಳ್ಳುವ ಗಾಳಿಯ ಪ್ರಮಾಣ ವಿಸ್ತೀರ್ಣದ ಜೊತೆಗೆ ಕೋನ್ ಎಷ್ಟು ಮುಂದೆ ಹಿಂದೆ ಚಲಿಸಬಲ್ಲದು ಎಂಬುದನ್ನೂ ಅವಲಂಬಿಸಿದೆ. ಮುಚ್ಚಿದ ಪೆಟ್ಟಿಗೆಯೊಂದರಲ್ಲಿ 40 ಹರ್ಟ್ಜ್‌ಗೆ 5 ಮಿಲಿಮೀಟರ್ ಚಲಿಸುವ ಕೋನ್, ಅಷ್ಟೇ ಸದ್ದನ್ನು 20 ಹರ್ಟ್ಜ್‌ನಲ್ಲಿ ಕೊಡಲು 20 ಮಿಲಿಮೀಟರ್ ಚಲಿಸಬೇಕು. ಅಗ್ಗದ ಪೆಟ್ಟಿಗೆಗಳು ಸೋಲುವುದು ಈ ನಾಲ್ಕು ಪಟ್ಟಿನ ಬಳಿಯೇ.

ನೇರ ಹೋಲಿಕೆಗೆ ಒದಗುವ ಅಳತೆ ಸಿಟಿಎ-2010 ಎಂಬ ಮಾನಕದ್ದು. ಧ್ವನಿಯ ವಿಕೃತಿ ನಿಗದಿತ ಮಿತಿ ದಾಟದಂತೆ 20, 25, 31.5, 40, 50, 63 ಹರ್ಟ್ಜ್‌ಗಳಲ್ಲಿ ಪೆಟ್ಟಿಗೆ ಎಷ್ಟು ಡೆಸಿಬೆಲ್ ಕೊಡಬಲ್ಲದು ಎಂಬುದನ್ನು ಅದು ಹೇಳುತ್ತದೆ. ಒಂದು ಎಚ್ಚರಿಕೆ: ಕೆಲವರು ಒಂದು ಮೀಟರ್ ದೂರದ ಪೀಕ್ ಅಂಕಿಯನ್ನೂ, ಕೆಲವರು ಎರಡು ಮೀಟರ್ ದೂರದ ಆರ್‌ಎಂಎಸ್ ಅಂಕಿಯನ್ನೂ ಪ್ರಕಟಿಸುತ್ತಾರೆ. ಇವೆರಡರ ನಡುವೆ 9 ಡೆಸಿಬೆಲ್ ಅಂತರವಿರುವುದರಿಂದ, ಒಂದೇ ಪೆಟ್ಟಿಗೆ ಎರಡು ಕಡೆ ಬೇರೆ ಬೇರೆ ಪೈಲ್ವಾನನಂತೆ ಕಾಣಿಸಬಹುದು.

ಒಂದೋ, ಎರಡೋ

ಒಬ್ಬರೇ ಒಂದೇ ಕುರ್ಚಿಯಲ್ಲಿ ಕೂತು ಕೇಳುವುದಾದರೆ ಒಂದು ಒಳ್ಳೆಯ ಸಬ್‌ವೂಫರ್ ಸಾಕು. ಮನೆಮಂದಿಯೆಲ್ಲ ಬೇರೆ ಬೇರೆ ಆಸನಗಳಲ್ಲಿ ಕೂರುವವರಾದರೆ ಅದೇ ಹಣದಲ್ಲಿ ಎರಡು ಮಧ್ಯಮ ಗಾತ್ರದವನ್ನು ಕೊಳ್ಳುವುದು ಜಾಣತನ. ಧ್ವನಿ ಉಪಕರಣಗಳ ತಯಾರಕ ಹಾರ್ಮನ್ ಸಂಸ್ಥೆಯಲ್ಲಿ ಟಾಡ್ ವೆಲ್ಟಿ ಮತ್ತು ಫ್ಲಾಯ್ಡ್ ಟೂಲ್ ನಡೆಸಿದ ಅಧ್ಯಯನಗಳು, ಆಯತಾಕಾರದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುಮಧ್ಯದಲ್ಲಿ ಇಟ್ಟ ಎರಡು ಸಬ್‌ವೂಫರ್‌ಗಳು ಆಸನದಿಂದ ಆಸನಕ್ಕೆ ಇರುವ ವ್ಯತ್ಯಾಸವನ್ನು ಬಹಳಷ್ಟು ತಗ್ಗಿಸುತ್ತವೆ ಎಂದು ತೋರಿಸಿವೆ. ಬೇರೆ ಬೇರೆ ಆವರ್ತನಗಳ ಸದ್ದನ್ನು ಏರಿಳಿಸುವ ಇಕ್ವಲೈಜರ್ ಉಬ್ಬನ್ನು ತಗ್ಗಿಸೀತೇ ಹೊರತು ಎಲ್ಲ ಆಸನಗಳನ್ನೂ ಒಟ್ಟಿಗೆ ಸರಿಪಡಿಸಲಾರದು.

ಜೋಡಣೆಯ ವಿಷಯ ಚಿಕ್ಕದು. ರಿಸೀವರ್‌ನಲ್ಲಿ ಸಬ್‌ವೂಫರ್ ಔಟ್‌ಪುಟ್ ಇದ್ದರೆ ಪೆಟ್ಟಿಗೆಯ ಎಲ್‌ಎಫ್‌ಇ (ಬಾಸ್ ಸಂಕೇತಕ್ಕೆಂದೇ ಇರುವ) ಇನ್‌ಪುಟ್ ಸಾಕು. ಅದಿಲ್ಲದ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಇದ್ದವರು ಸ್ಪೀಕರ್ ತಂತಿಯನ್ನೇ ಸೇರಿಸಬಹುದಾದ ಹೈ-ಲೆವೆಲ್ ಇನ್‌ಪುಟ್ ಇರುವ ಮಾದರಿಯನ್ನೇ ಹುಡುಕಬೇಕು.

ಮನೆಗೆ ತಂದ ಮೇಲೆ

ಹಿಂತಿರುಗಿಸುವ ಅವಧಿ ಇರುವಲ್ಲೇ ಕೊಂಡು, ಆ ಅವಧಿಯೊಳಗೇ ಪರೀಕ್ಷೆ ಮುಗಿಸಿ. ಸಬ್‌ವೂಫರನ್ನು ತಾತ್ಕಾಲಿಕವಾಗಿ ನೀವು ಕೂರುವ ಜಾಗದಲ್ಲಿಟ್ಟು, ಬಾಸ್ ಏರಿಳಿಯುವ ಒಂದು ಹಾಡನ್ನು ಹಾಕಿ, ಪೆಟ್ಟಿಗೆಯನ್ನು ಇಡಬಹುದಾದ ಜಾಗಗಳಲ್ಲೆಲ್ಲ ನೆಲಕ್ಕೆ ಬಗ್ಗಿ ಕಿವಿಗೊಡಿ. ಪ್ರತಿಯೊಂದು ಸ್ವರವೂ ಹೆಚ್ಚುಕಡಿಮೆ ಒಂದೇ ತೂಕದಲ್ಲಿ ಕೇಳಿಸುವ ಜಾಗವೇ ಪೆಟ್ಟಿಗೆಯ ಜಾಗ. ಮೂಲೆಯಲ್ಲಿ ಸದ್ದು ಹೆಚ್ಚು, ಉಬ್ಬುಗಳೂ ಹೆಚ್ಚು. ಜಾಗ ಗೊತ್ತಾದ ಮೇಲೆ ಮುಖ್ಯ ಸ್ಪೀಕರ್‌ಗಳನ್ನೂ ಚಾಲೂ ಮಾಡಿ, ಕ್ರಾಸ್‌ಓವರ್ ಆವರ್ತನದ ಒಂದು ಸ್ವರವನ್ನು ನುಡಿಸುತ್ತಾ ಸಬ್‌ವೂಫರಿನ ಅಲೆಯನ್ನು ಸ್ಪೀಕರ್‌ಗಳ ಅಲೆಯೊಂದಿಗೆ ಹೊಂದಿಸುವ ಫೇಸ್ ಗುಂಡಿಯನ್ನು ತಿರುಗಿಸಿ, ಆಸನದಲ್ಲಿ ಸದ್ದು ಅತಿ ಹೆಚ್ಚು ಕೇಳುವಲ್ಲಿ ನಿಲ್ಲಿಸಬೇಕು.

ಕೊನೆಯದಾಗಿ 20ರಿಂದ 120 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಒಂದೇ ಸ್ವರವನ್ನು ಮಧ್ಯಮ ವಾಲ್ಯೂಮ್‌ನಲ್ಲಿ ಕೇಳಿ. ಎಲ್ಲಾದರೂ ಕಟಕಟ ಸದ್ದು ಬಂದರೆ, ಮೊದಲು ಕಪಾಟಿನ ಗಾಜು, ಕಿಟಕಿಯ ಚಿಲಕಗಳನ್ನು ಕೈಯಿಂದ ಒತ್ತಿ ಹಿಡಿದು ನೋಡಿ. ಅವನ್ನು ಹಿಡಿದ ಮೇಲೂ ಸದ್ದು ಪೆಟ್ಟಿಗೆಯಿಂದಲೇ ಬರುತ್ತಿದ್ದರೆ ಮಾತ್ರ ಅದನ್ನು ಮರಳಿ ಪ್ಯಾಕ್ ಮಾಡಿ.