ಬಾಡಿಗೆ ಮನೆಗೆ ವಿಮೆ: ಗೋಡೆಗೊಂದು, ಜನರಿಗೊಂದು

ಉಡುಪಿಯಲ್ಲಿ ನಾನು ಎರಡು ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ಕುಂಜಿಬೆಟ್ಟಿನಲ್ಲಿ ಒಂದು ಫ್ಲ್ಯಾಟ್, ಪರ್ಕಳದ ಕಡೆ ಒಂದು ಹಂಚಿನ ಮನೆ. ಹಂಚಿನ ಮನೆಗೆ ಕೆಂಪುಕಲ್ಲಿನ ಕಂಪೌಂಡ್, ಅಂಗಳದಲ್ಲಿ ಬಾವಿ, ಸುತ್ತ ತೆಂಗು. ಹಾಗಾಗಿ ಕಟ್ಟಡಕ್ಕೆ ಆಗುವ ನಷ್ಟವೇ ಬೇರೆ, ನಮ್ಮ ಜಾಗದಲ್ಲಿ ಬೇರೆಯವರಿಗೆ ಆಗುವ ಪೆಟ್ಟೇ ಬೇರೆ ಅಂತ ಮೊದಲೇ ವಿಂಗಡಿಸಿಕೊಂಡೆ.

ಕಟ್ಟಡಕ್ಕೆ ತಗೊಂಡಿದ್ದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಬಂದ ಪಾಲಿಸಿ, ಯಾವ ಕಂಪನಿಯಲ್ಲಿ ಮಾಡಿಸಿದರೂ ಮೂಲ ಷರತ್ತು ಒಂದೇ. ಇಲ್ಲಿ ಜಾಗದ ಬೆಲೆ ಲೆಕ್ಕಕ್ಕಿಲ್ಲ, ಮನೆಯನ್ನು ಮತ್ತೆ ಕಟ್ಟುವ ಖರ್ಚು ಮಾತ್ರ. ಉದಾಹರಣೆಗೆ, ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸುವ ನೆಲದ ಅಳತೆ) 80 ಚದರ ಮೀಟರ್, ಚದರ ಮೀಟರಿಗೆ ಕಟ್ಟುವ ಖರ್ಚು 25,000 ರೂಪಾಯಿ ಅಂದರೆ 20 ಲಕ್ಷ. ಮನೆಯೊಳಗಿನ ಸಾಮಾನಿಗೆ ಅದರ ಶೇ. 20, ಹೆಚ್ಚೆಂದರೆ 10 ಲಕ್ಷ, ತಾನಾಗಿಯೇ ಸೇರುತ್ತದೆ. ಅದು ಮಾಲೀಕರ ಮಂಚ, ಫ್ರಿಜ್‌ಗೆ. ಬಾಡಿಗೆಯವರ ಸಾಮಾನಿಗೆ ಅವರೇ ಬೇರೆ ಮಾಡಿಸಬೇಕು. ಇದನ್ನು ಕರಾರು ಮಾಡುವಾಗಲೇ ಹೇಳಿಬಿಡಿ, ಆಮೇಲೆ ಮನಸ್ತಾಪ ಬೇಡ.

ಬೆಂಕಿ, ಸಿಡಿಲು, ಗಾಳಿಮಳೆ, ನೆರೆ, ಗುಡ್ಡ ಕುಸಿತ ಎಲ್ಲ ಇದರಲ್ಲಿದೆ. ಆದರೆ ಕಡಲ್ಕೊರೆತ, ನದಿ ಕೊರೆತ ಇಲ್ಲ. ಉಳ್ಳಾಲ, ಮಲ್ಪೆ, ಮರವಂತೆ ಕಡೆ ಸಮುದ್ರದ ಹತ್ತಿರ ಮನೆ ತಗೊಳ್ಳುವವರು ಈ ಸಾಲನ್ನು ಎರಡು ಸಲ ಓದಬೇಕು. ಮಣ್ಣು ತುಂಬಿಸಿದ ಜಾಗ ಕೂತರೂ ದುಡ್ಡು ಬರುವುದಿಲ್ಲ. ಗದ್ದೆಗೆ ಮಣ್ಣು ಹಾಕಿ ಮನೆ ಕಟ್ಟುವುದು ನಮ್ಮಲ್ಲಿ ಎಷ್ಟು ಜಾಸ್ತಿಯಾಗಿದೆ, ಅಲ್ವಾ?

ಇನ್ನು ಜನರ ವಿಷಯ. ಮಳೆಗಾಲದಲ್ಲಿ ಗಾಳಿಮಳೆಗೋ ನೆರೆಗೋ ಕಂಪೌಂಡ್ ಬಿದ್ದರೆ ಗೋಡೆ ಕಟ್ಟುವ ಖರ್ಚನ್ನು ಗೃಹ ರಕ್ಷಾದಲ್ಲಿ ಕೇಳಬಹುದು. ಅದೇ ಗೋಡೆ ದಾರಿಹೋಕರ ಮೇಲೆ ಬಿದ್ದರೆ? ಅವರ ಆಸ್ಪತ್ರೆ ಖರ್ಚು, ಕೋರ್ಟ್ ಪರಿಹಾರ ಇದರಲ್ಲಿ ಇಲ್ಲ. ಅದಕ್ಕೆ ಪಬ್ಲಿಕ್ ಲಯಬಿಲಿಟಿ ವಿಮೆ ಬೇರೆಯೇ ಬೇಕು. ನಾನು ಕೇಳಿದಾಗ ಏಜೆಂಟರು, "ಮನೆಗೆಲ್ಲ ಅದು ಯಾರೂ ಮಾಡಿಸುವುದಿಲ್ಲ ಸರ್" ಅಂದರು. ಬಾವಿ, ತೆಂಗು, ಕಂಪೌಂಡ್ ಮೂರೂ ಇರುವ ಮನೆ ಇದು, ನನಗೆ ಬೇಕೇ ಬೇಕು ಅಂತ ಪಟ್ಟು ಹಿಡಿದು ಮಾಡಿಸಿದೆ.

ವಿಮೆ ಇದೆ ಅಂತ ಸುಮ್ನೆ ಕೂರುವ ಹಾಗಿಲ್ಲ. ಮೇ ತಿಂಗಳಲ್ಲಿ ಕಂಪೌಂಡಿನ ಬುಡದಲ್ಲಿ ನೀರು ಹೊರಹೋಗಲು ಇಟ್ಟ ಪೈಪುಗಳಿಗೆ ಕಬ್ಬಿಣದ ಸರಳು ಹಾಕಿ ಮಣ್ಣು ತೆಗೆಸುತ್ತೇನೆ. ಗೋಡೆಯ ಹಿಂದೆ ನಿಂತ ನೀರು ಹೊರಗೆ ಬರದಿದ್ದರೆ ಕೆಂಪುಕಲ್ಲಿನ ಗೋಡೆ ಹೊಟ್ಟೆ ಬಿಟ್ಟು ಬೀಳುತ್ತದೆ. ಬಾವಿಗೆ ಕಬ್ಬಿಣದ ಬಲೆ ಹಾಕಿಸಿದ್ದೇನೆ. ಕೆಲಸ ಆದ ಮೇಲೆ ತಾರೀಕು ಕಾಣುವ ಹಾಗೆ ಫೋಟೊ ತೆಗೆದು, ಬಿಲ್ಲಿನ ಜೊತೆ ಇಡುತ್ತೇನೆ.

ಕಾಯಿ ಕೀಳುವವರನ್ನು ಕರೆಯುವಾಗ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆಯಾ ಅಂತ ಕೇಳುತ್ತೇನೆ. ಮರ ಹತ್ತುವವರ ಜೀವದ ಪ್ರಶ್ನೆ ಅದು. ಬಣ್ಣ ಬಳಿಯುವ ಕೆಲಸಕ್ಕೂ ಕೆಲಸಗಾರರ ವಿಮೆ ಇರುವ ಕಂಟ್ರಾಕ್ಟರನ್ನೇ ಹುಡುಕುತ್ತೇನೆ, ಕೂಲಿ ಸ್ವಲ್ಪ ಜಾಸ್ತಿಯಾದರೂ ಸರಿ.

ಮಣಿಪಾಲದ ಹತ್ತಿರ ಅಂತ ಮನೆಯನ್ನು ಪಿಜಿ ಮಾಡುವವರಿಗೆ ಇನ್ನೊಂದು ಮಾತು. ಪಾಲಿಸಿ ಇರುವುದು ವಾಸದ ಮನೆಗೆ. ಬಳಕೆ ಬದಲಾಗುವ ಮೊದಲೇ ಕಂಪನಿಗೆ ಬರೆದು ತಿಳಿಸಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ.