ಪೂಲ್ ದೊಡ್ಡದು ಮಾಡಲಿಲ್ಲ, ಒಡೆದೆ: ಒಂದು ಹಾಸ್ಟೆಲ್ ಡಿಎಚ್‌ಸಿಪಿ ಕಥೆ

ದಾವಣಗೆರೆ ವಿದ್ಯಾನಗರದ ಒಂದು ಪಿಜಿ ಹಾಸ್ಟೆಲ್. ನೆಲ ಮಹಡಿಯಲ್ಲಿ ಆಫೀಸು, ಮೆಸ್. ಮೇಲೆ ಮೂರು ಮಹಡಿ, ಸುಮಾರು 180 ಹುಡುಗರು. ಒಬ್ಬೊಬ್ಬರ ಹತ್ರ ಮೊಬೈಲ್, ಲ್ಯಾಪ್‌ಟಾಪ್ ಸೇರಿ ಎರಡು ಡಿವೈಸ್ ಅಂದ್ರೂ 360 ಆಯ್ತು. ನೆಟ್‌ಗೆ ಸೇರೋ ಪ್ರತಿ ಡಿವೈಸಿಗೂ ಒಂದು ಐಪಿ ಅಡ್ರೆಸ್ ಬೇಕು; ಅದನ್ನ ತಾನೇ ಹಂಚೋದು ಡಿಎಚ್‌ಸಿಪಿ, ಹಂಚೋಕೆ ಇಟ್ಟ ಅಡ್ರೆಸ್ ರಾಶಿನೇ ಪೂಲ್. ಇಲ್ಲಿ ಇರೋದು ಒಂದೇ ಸ್ಲ್ಯಾಶ್ 24 (ಐಪಿ ಸಾಲಿನ ಅಳತೆ), ಅದರಲ್ಲಿ ಸಿಗೋದು 254 ಅಡ್ರೆಸ್. ಲೀಸ್ ಟೈಮ್, ಅಂದರೆ ಕೊಟ್ಟ ಅಡ್ರೆಸ್ ಆ ಡಿವೈಸಿನ ಹೆಸರಲ್ಲೇ ಇರೋ ಅವಧಿ, ಬೇರೆ ಮೂರು ದಿನ! ಲಾಗ್ ತೆರೆದರೆ ಬರೀ 'ಪೂಲ್ ಈಸ್ ಎಂಪ್ಟಿ'.

ಇದನ್ನ ಯಾರೂ ನೋಡೇ ಇರಲಿಲ್ಲ. ನೆಟ್ ಸ್ಲೋ ಅಂತ ಓನರ್ ಲೈನ್ ಡಬಲ್ ಮಾಡಿಸಿದ್ದರು, ತಿಂಗಳಿಗೆ ಎರಡು ಸಾವಿರದಷ್ಟು ಜಾಸ್ತಿ. "ಏನ್ರೀ, ಇಷ್ಟು ದುಡ್ಡು ಸುರಿದ್ರೂ ವೈಫೈ ಕನೆಕ್ಟೇ ಆಗಲ್ಲ ಅಂತಾರಲ್ರೀ ಹುಡುಗ್ರು" ಅಂದರು. ಐಪಿನೇ ಸಿಗದ ಫೋನಿಗೆ ಸ್ಪೀಡ್ ತಗೊಂಡು ಏನು ಮಾಡೋದು?

ಎಲ್ಲರೂ ಹೇಳೋ ಹಾಗೆ ಮೊದಲು ಇನ್ನೂ ದೊಡ್ಡ ಸಾಲು, ಸ್ಲ್ಯಾಶ್ 22 ಹಾಕಿ ನೋಡಿದೆ. ಸಾವಿರದ ಮೇಲೆ ಅಡ್ರೆಸ್ ಸಿಕ್ತು, ಆದರೆ ಬಯೋಮೆಟ್ರಿಕ್ ಮೆಷೀನೂ ಕ್ಯಾಮೆರಾ ಎನ್‌ವಿಆರ್ (ರೆಕಾರ್ಡ್ ಮಾಡೋ ಪೆಟ್ಟಿಗೆ) ಕೂಡ ಹಳೇ ಸ್ಲ್ಯಾಶ್ 24ರ ಮಾಸ್ಕ್ 255.255.255.0 ಇಟ್ಕೊಂಡು ಕೂತಿದ್ದವು, ಗೇಟ್‌ವೇ (ಬೇರೆ ಸಾಲಿಗೆ ಹೋಗೋ ದಾರಿ) ಯಾರೂ ಹಾಕಿರಲಿಲ್ಲ, ಹಾಗಾಗಿ ಓನರ್ ಫೋನಿಗೆ 192.168.3 ಸಾಲಿನ ಐಪಿ ಬಂದ ದಿನ ಕ್ಯಾಮೆರಾ ಮಾಯ. ಸೆಟ್ಟಿಂಗ್ ಬದಲಿಸೋಣ ಅಂದ್ರೆ ಎನ್‌ವಿಆರ್ ಪಾಸ್‌ವರ್ಡ್ ಹಾಕಿದವನು ಊರಲ್ಲೇ ಇಲ್ಲ. ಅದರ ಮೇಲೆ ಒಬ್ಬ ಹುಡುಗ ಸ್ವಂತ ರೂಟರಿನ ಲ್ಯಾನ್ ಪೋರ್ಟಿಗೆ ರೂಮಿನ ಕೇಬಲ್ ಚುಚ್ಚಿದ. ಅದರ ಡಿಎಚ್‌ಸಿಪಿ ಇಡೀ ಬಿಲ್ಡಿಂಗಿಗೆ 192.168.0 ಸಾಲಿನ ತಪ್ಪು ಐಪಿ ಹಂಚ್ತಾ ಹೋಯ್ತು.

ನಡುವೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಡಿಎನ್‌ಎಸ್‌ಮಾಸ್ಕ್ (ಡಿಎಚ್‌ಸಿಪಿ ನಡೆಸೋ ಸಾಫ್ಟ್‌ವೇರ್) ಹಾಕೋ ಚಟವೂ ಹತ್ತಿತು. ಚೆನ್ನಾಗೇ ನಡೀತಿತ್ತು. ಕರೆಂಟ್ ಹೋಗಿ ಬಂದು ಎಸ್‌ಡಿ ಕಾರ್ಡ್ ಕೆಟ್ಟಿತು. ಐದಾರು ಸಾವಿರ ಹೋಯ್ತು. ಆ ಪೈ ಈಗ ನಮ್ಮನೆ ಟಿವಿ ಹಿಂದೆ ಇದೆ.

ಆಮೇಲೆ ಪೂಲ್ ಒಡೆಯೋಣ ಅಂದೆ. ಗೆಳೆಯರು ನಕ್ಕರು. ವಿಎಲ್ಯಾನ್ (ಒಂದೇ ಕೇಬಲಲ್ಲಿ ಬೇರೆ ಬೇರೆ ನೆಟ್‌ವರ್ಕ್) ಬೇಕು, ಅದಕ್ಕೆ ಮ್ಯಾನೇಜ್ಡ್ ಸ್ವಿಚ್ ಬೇಕು, ಮೂವತ್ತು ಸಾವಿರ ಇಲ್ಲದೆ ಆಗಲ್ಲ ಅಂದರು. ನನ್ನ ಹತ್ರ ಇದ್ದದ್ದು ಐದು ಪೋರ್ಟಿನ ಮೈಕ್ರೋಟಿಕ್ ಹೆಕ್ಸ್ ರೂಟರ್. ಒಂದು ಪೋರ್ಟ್ ಲೈನಿಗೆ, ಉಳಿದ ನಾಲ್ಕು ನಾಲ್ಕು ಮಹಡಿಗೆ. ಎಲ್ಲಾ ಪೋರ್ಟನ್ನ ಒಂದೇ ನೆಟ್‌ವರ್ಕ್ ಮಾಡೋ ಬ್ರಿಡ್ಜ್‌ನಿಂದ ಪೋರ್ಟ್ ಬಿಡಿಸಿದೆ, ಪ್ರತಿ ಪೋರ್ಟಿಗೆ ಬೇರೆ ಡಿಎಚ್‌ಸಿಪಿ. ನೆಲ ಮಹಡಿಯ ಹಳೇ ಸಬ್‌ನೆಟ್ (ಐಪಿ ಸಾಲು) ಮುಟ್ಟಲೇ ಇಲ್ಲ, ಪೂಲ್ ಮಾತ್ರ 192.168.1.31ರಿಂದ 254. ಮೇಲಿನವಕ್ಕೆ 192.168.11, 12, 13. ಕಂಪ್ಲೇಂಟ್ ಬಂದರೆ ಐಪಿ ನೋಡಿದ್ರೆ ಸಾಕು, ಯಾವ ಮಹಡಿ ಅಂತ ಗೊತ್ತಾಗುತ್ತೆ. ಖರ್ಚಾಗಿದ್ದು ಮೇಲಿಂದ ಕೆಳಗೆ ಎಳೆದ ಕ್ಯಾಟ್ 6 ಕೇಬಲ್, ಕೂಲಿ ಸೇರಿ ಏಳು ಸಾವಿರದ ಹತ್ತಿರ.

ಆದರೆ ರಾತ್ರಿ ಊಟದ ಹೊತ್ತಿಗೆ ಇನ್ನೊಂದು ಕಾಟ. ಎಲ್ಲಾ ಕಡೆ ವೈಫೈ ಹೆಸರು ಒಂದೇ ಇತ್ತಲ್ವಾ, ಹುಡುಗ ಮೂರನೇ ಮಹಡಿಯಿಂದ ಮೆಸ್‌ಗೆ ಇಳಿದರೆ ಫೋನು ಅದೇ ನೆಟ್‌ವರ್ಕ್ ಅಂದ್ಕೊಂಡು 13ರ ಐಪಿ ಬಿಡದೇ ಹಿಡ್ಕೊಳ್ತಿತ್ತು. ಸಿಗ್ನಲ್ ಫುಲ್, ನೆಟ್ ಇಲ್ಲ. ಮಹಡಿಗೊಂದು ಹೆಸರು ಕೊಟ್ಟ ಮೇಲೆ ಸರಿ ಹೋಯ್ತು.

ಮೆಸ್ ಇರೋ ಪೂಲಿಗೆ ಲೀಸ್ ಅರ್ಧ ಗಂಟೆ, ರೂಮುಗಳಿಗೆ ಆರು ಗಂಟೆ. ಅರ್ಧ ಗಂಟೆ ಇಟ್ಟರೆ ರೂಟರ್ ಸಾಯುತ್ತೆ ಅಂತ ಹೆದರಿಸಿದರು. ಲೆಕ್ಕ ಹಾಕಿ ನೋಡಿ: ಲೀಸ್ ಅರ್ಧ ಮುಗಿದಾಗ ರಿನ್ಯೂ, ಅಂದರೆ 15 ನಿಮಿಷಕ್ಕೊಮ್ಮೆ. 180 ಫೋನಿಗೆ ನಿಮಿಷಕ್ಕೆ ಹನ್ನೆರಡು ರಿಕ್ವೆಸ್ಟ್. ಸಿಪಿಯು ಮೀಟರ್ ಕದಲಲೂ ಇಲ್ಲ.

ಮ್ಯಾಕ್ (ಡಿವೈಸಿನ ಹಾರ್ಡ್‌ವೇರ್ ನಂಬರ್) ನೋಡಿ ಐಪಿ ಕಟ್ಟೋ ಯೋಚನೆ ಇದ್ದರೆ ಬಿಡಿ. ಆಂಡ್ರಾಯ್ಡ್ 10, ಐಒಎಸ್ 14 ಬಂದಾಗಿನಿಂದ ಫೋನುಗಳು ಸುಳ್ಳು ಮ್ಯಾಕ್ ಕೊಡ್ತವೆ. ಎರಡನೇ ಅಕ್ಷರ 2, 6, ಎ ಅಥವಾ ಇ ಇದ್ದರೆ ಬಹುತೇಕ ಅದೇ. ಸ್ಟ್ಯಾಟಿಕ್ ಲೀಸ್ (ಯಾವಾಗಲೂ ಅದೇ ಐಪಿ) ಕೊಟ್ಟಿದ್ದು ಆಫೀಸಿನ ಪ್ರಿಂಟರಿಗೆ ಮಾತ್ರ.

ಗೇಟ್‌ವೇ ಇಲ್ಲದ ಎನ್‌ವಿಆರ್ ಈಗ ಮೂರನೇ ಮಹಡಿಯಿಂದಲೂ ತೆರೆಯುತ್ತೆ. ಅದಕ್ಕೆ ಫೈರ್‌ವಾಲ್‌ನಲ್ಲಿ ಒಂದೇ ಸಾಲು ಸಾಕು, ನ್ಯಾಟ್ (ರೂಟರ್ ಐಪಿ ಬದಲಿಸಿ ಕಳಿಸೋದು) ಗೊತ್ತಿದ್ದವರಿಗೆ ಹೊಳೆಯುತ್ತೆ, ಇಲ್ಲಿ ಬರೆಯಲ್ಲ. ಅದೇ ನನ್ನ ಅನ್ನ. ಈಗ ಯಾರಾದರೂ ರೂಟರ್ ಚುಚ್ಚಿದರೂ ಕೆಡೋದು ಆ ಒಂದು ಮಹಡಿ, ಡಿಎಚ್‌ಸಿಪಿ ಅಲರ್ಟ್‌ನಲ್ಲಿ ಅದರ ಮ್ಯಾಕ್ ಬಂದು ಬೀಳುತ್ತೆ. ಓನರ್ ಲೈನನ್ನ ಹಳೇ ಪ್ಲಾನಿಗೆ ಇಳಿಸಿದರು, ಹುಡುಗರಿಗೆ ಅದು ಗೊತ್ತೂ ಆಗಲಿಲ್ಲ. ನಕ್ಕವರಲ್ಲಿ ಒಬ್ಬರು ಎಂಸಿಸಿ ಬಿ ಬ್ಲಾಕಿನ ಇನ್ನೊಂದು ಪಿಜಿ ಕೆಲಸಕ್ಕೆ ನನ್ನನ್ನೇ ಕರೆದಿದ್ದಾರೆ, ಅಲ್ಲಿ ಐದು ಮಹಡಿ, ಹೆಕ್ಸ್ ಪೋರ್ಟ್ ಸಾಲಲ್ಲ, ಹತ್ತು ಪೋರ್ಟಿನದು ಹುಡುಕ್ತಾ ಇದೀನಿ.